ಇರುವ ಮನೆ ಮಾರಿ ಇನ್ನೊಂದು ಕೊಳ್ಳುವುದು ಹೇಗೆ: ಬೆಂಗಳೂರಿನವರಿಗೆ ಸಮಗ್ರ ಮಾರ್ಗದರ್ಶಿ

ಎರಡು ಬೆಡ್‌ರೂಮಿನ ಫ್ಲ್ಯಾಟ್ ಸಾಲುತ್ತಿಲ್ಲ. ಮಕ್ಕಳು ಬೆಳೆದಿದ್ದಾರೆ, ಊರಿಂದ ಅಪ್ಪ ಅಮ್ಮನನ್ನೂ ಕರೆಸಿಕೊಳ್ಳಬೇಕು. ದೊಡ್ಡ ಮನೆ ಬೇಕು, ಆದರೆ ಅದಕ್ಕೆ ದುಡ್ಡು ಹುಟ್ಟಬೇಕಾದದ್ದು ಈಗಿರುವ ಮನೆ ಮಾರಿಯೇ. ಬೆಂಗಳೂರಿನಲ್ಲಿ ಈ ಸ್ಥಿತಿಯಲ್ಲಿರುವ ಕುಟುಂಬಗಳು ಬಹಳ.

ಬರೀ ಮಾರುವುದಾದರೆ ಕಷ್ಟವಿಲ್ಲ. ಬರೀ ಕೊಳ್ಳುವುದಾದರೂ ದಾರಿ ಗೊತ್ತಿರುತ್ತದೆ. ಎರಡೂ ಒಟ್ಟಿಗೆ ಬಂದಾಗ ಒಬ್ಬರು ಕೊಡಬೇಕಾದ ದುಡ್ಡು ತಡವಾದರೆ ನೀವು ಇನ್ನೊಬ್ಬರಿಗೆ ಕೊಟ್ಟ ಮಾತು ತಪ್ಪುತ್ತದೆ. ಬೆಲೆಗಾಗಿ ವಾರಗಟ್ಟಲೆ ಚೌಕಾಸಿ ಮಾಡುವವರು ದಿನಾಂಕದ ಮಾತು ಬಂದಾಗ "ಸರಿ, ಮೂರು ತಿಂಗಳು ಅಂತ ಹಾಕಿ" ಎಂದು ಒಂದೇ ಮಾತಿಗೆ ಒಪ್ಪಿಬಿಡುತ್ತಾರೆ. ನನ್ನ ಸಲಹೆ ಏನೆಂದರೆ, ಬೆಲೆಯಲ್ಲಿ ಒಂದೆರಡು ಲಕ್ಷ ಬಿಟ್ಟುಕೊಟ್ಟರೂ ಪರವಾಗಿಲ್ಲ, ದಿನಾಂಕದಲ್ಲಿ ಬಿಗಿಯಾಗಿರಿ. ಮುಂದೆ ಬರೆದಿರುವುದರಲ್ಲಿ ಅರ್ಧದಷ್ಟು ಇದರ ಬಗ್ಗೆಯೇ ಇದೆ.

ಮೊದಲು ಮಾರಬೇಕೋ, ಮೊದಲು ಕೊಳ್ಳಬೇಕೋ?

ದಾರಿಗಳು ಮೂರು. ಮೊದಲನೆಯದು, ಮಾರಿ ದುಡ್ಡು ಕೈಗೆ ಬಂದ ಮೇಲೆ ನಿಧಾನವಾಗಿ ಹುಡುಕುವುದು. ದುಡ್ಡಿನ ದೃಷ್ಟಿಯಿಂದ ಇದು ಅತಿ ಸುರಕ್ಷಿತ. ಆದರೆ ನಡುವೆ ಬಾಡಿಗೆ ಮನೆ ಬೇಕು, ಹಲವು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕಟ್ಟಬೇಕು, ಸಾಮಾನು ಎರಡು ಸಲ ಸಾಗಿಸಬೇಕು.

ಎರಡನೆಯದು, ಮೊದಲು ಕೊಂಡು ಆಮೇಲೆ ಹಳೆಯದನ್ನು ಮಾರುವುದು. ಉಳಿತಾಯ ಚೆನ್ನಾಗಿದ್ದು ಎರಡು ಇಎಂಐ ತಡೆದುಕೊಳ್ಳುವ ಸಂಬಳ ಇದ್ದವರಿಗೆ ಮಾತ್ರ ಇದು ಸರಿ. ಇಂಥವರಿಗೆಂದೇ ಕೆಲವು ಬ್ಯಾಂಕುಗಳು ಬ್ರಿಡ್ಜ್ ಲೋನ್, ಅಂದರೆ ಹಳೆಯ ಮನೆ ಮಾರುವ ತನಕದ ಸಾಲ, ಕೊಡುತ್ತವೆ. ಅವಧಿ ಚಿಕ್ಕದು, ಬಡ್ಡಿ ಮಾಮೂಲಿ ಗೃಹಸಾಲಕ್ಕಿಂತ ಜಾಸ್ತಿ. ಹಳೆಯ ಮನೆ ಮಾರಾಟ ಆಗದೆ ತಿಂಗಳುಗಳು ಉರುಳಿದರೆ ಕೊನೆಗೆ ಸಿಕ್ಕ ಬೆಲೆಗೆ ಕೊಟ್ಟುಬಿಡುವ ಒತ್ತಡ ಬರುತ್ತದೆ.

ಮೂರನೆಯದು, ಎರಡನ್ನೂ ಜೋಡಿಸುವುದು. ನಿಮ್ಮ ಮನೆಗೆ ಕೊಳ್ಳುವವರು ಸಿಕ್ಕಿ ಕ್ರಯದ ಕರಾರಿಗೆ ಸಹಿ ಬಿದ್ದ ಮೇಲೆ ಹೊಸ ಮನೆಯ ಕರಾರು ಮಾಡಿಕೊಳ್ಳುವುದು, ಎರಡರ ನೋಂದಣಿಯನ್ನೂ ಹತ್ತಿರ ಹತ್ತಿರ ಇಟ್ಟುಕೊಳ್ಳುವುದು. ಹೆಚ್ಚಿನ ಮಧ್ಯಮ ವರ್ಗದ ಕುಟುಂಬಗಳಿಗೆ ಇದೇ ಸರಿಯಾದ ದಾರಿ ಎಂದು ನನ್ನ ಗಟ್ಟಿ ಅಭಿಪ್ರಾಯ. ಹೊಸ ಮನೆ ನೋಡುವುದನ್ನು ಮೊದಲೇ ಶುರು ಮಾಡಿ, ಏರಿಯಾ ಮತ್ತು ಬೆಲೆಯ ಅಂದಾಜು ಸಿಗುತ್ತದೆ. ಆದರೆ ನಿಮ್ಮ ಮನೆಗೆ ಮುಂಗಡ ಬರುವ ತನಕ ಬೇರೆಯವರ ಮನೆಗೆ ಮುಂಗಡ ಕೊಡಬೇಡಿ.

ನಿಮ್ಮ ಮನೆಯ ಕಾಗದಪತ್ರ ಮೊದಲು

ಮಾರಾಟ ತಡವಾಗುವುದಕ್ಕೆ ಬಹಳ ಸಲ ಕಾರಣ ಕಾಗದಪತ್ರವೇ. ಗಿರಾಕಿ ಬಂದ ಮೇಲೆ ಹುಡುಕಲು ಕೂತರೆ ಒಂದೆರಡು ತಿಂಗಳು ಅಲ್ಲೇ ಹೋಗುತ್ತದೆ.

ಇ-ಖಾತಾ, ಅಂದರೆ ಆಸ್ತಿ ಯಾರ ಹೆಸರಲ್ಲಿದೆ ಎಂಬ ನಗರಪಾಲಿಕೆಯ ಡಿಜಿಟಲ್ ದಾಖಲೆ, ಮೊಟ್ಟಮೊದಲು. 2024ರ ಅಕ್ಟೋಬರ್‌ನಿಂದ ಬೆಂಗಳೂರು ನಗರದ ಆಸ್ತಿಗಳಿಗೆ ಇ-ಖಾತಾ ಇಲ್ಲದೆ ಕ್ರಯಪತ್ರ ನೋಂದಣಿ ಆಗುವುದಿಲ್ಲ. ಇ-ಆಸ್ತಿ ಜಾಲತಾಣದಲ್ಲಿ ನಿಮ್ಮ ಕರಡು ಖಾತಾ ಹುಡುಕಿ, ಆಧಾರ್, ನೋಂದಾಯಿತ ಕ್ರಯಪತ್ರದ ವಿವರ, ಆಸ್ತಿ ತೆರಿಗೆಯ ಸಂಖ್ಯೆ, ಬೆಸ್ಕಾಂ ಖಾತೆ ಸಂಖ್ಯೆ, ಮನೆಯ ಫೋಟೊ ಕೊಟ್ಟು ಅಂತಿಮ ಇ-ಖಾತಾಗೆ ಅರ್ಜಿ ಹಾಕಬೇಕು. ಕ್ರಯಪತ್ರದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಎಂದಾದರೆ ಅಲ್ಲೇ ತಡೆ ಬೀಳುತ್ತದೆ. ಇನಿಶಿಯಲ್ ಮುಂದೆಯೋ ಹಿಂದೆಯೋ ಎಂಬುದು ಕೂಡ ತಲೆನೋವು ತರಬಹುದು. ಬಿ ಖಾತಾ (ನಿಯಮಕ್ಕೆ ಪೂರ್ತಿ ಹೊಂದದ ಆಸ್ತಿಗಳ ಖಾತಾ) ಆಗಿದ್ದರೆ ಗಿರಾಕಿಗೆ ಮೊದಲ ದಿನವೇ ಹೇಳಿ. ಅಂಥ ಮನೆಗೆ ಎಷ್ಟೋ ಬ್ಯಾಂಕುಗಳು ಸಾಲ ಕೊಡುವುದಿಲ್ಲ. ಸಾಲ ಸಿಗದ ಗಿರಾಕಿಯ ಹಿಂದೆ ಎರಡು ತಿಂಗಳು ಓಡಿ ಏನು ಪ್ರಯೋಜನ?

ನಂತರ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಸಾಲಗಳ ಪಟ್ಟಿ. ನೋಂದಣಿ ಇಲಾಖೆಯ ಜಾಲತಾಣ ಕಾವೇರಿ 2.0ರಲ್ಲಿ ಆನ್‌ಲೈನ್‌ನಲ್ಲೇ ಸಿಗುತ್ತದೆ. 2004ಕ್ಕಿಂತ ಹಿಂದಿನ ವ್ಯವಹಾರಗಳಿಗೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕೇಳಬೇಕಾಗುತ್ತದೆ. ಗಿರಾಕಿಯ ವಕೀಲರು ಸಾಮಾನ್ಯವಾಗಿ 30 ವರ್ಷದ ಇತಿಹಾಸ ಕೇಳುತ್ತಾರೆ. ಇಸಿಯಲ್ಲಿ ಹಿಂದೆಂದೋ ತೀರಿಸಿದ ಸಾಲ ಇನ್ನೂ ಕಾಣುತ್ತಿದೆಯಾ ನೋಡಿ. ಸಾಲ ಕೊಟ್ಟಾಗ ಬ್ಯಾಂಕು ಅಡಮಾನವನ್ನು ನೋಂದಾಯಿಸಿರುತ್ತದೆ. ತೀರಿದ ಮೇಲೆ ಅದರ ಬಿಡುಗಡೆ ಪತ್ರವೂ ನೋಂದಣಿ ಆಗಬೇಕು. ಸಾಲ ಮುಗಿಸಿದ ಖುಷಿಯಲ್ಲಿ ಬಹಳ ಜನ ಇದನ್ನು ಮಾಡಿಸದೆ ಬಿಟ್ಟಿರುತ್ತಾರೆ.

ಉಳಿದದ್ದು ಬೇಗ ಆಗುವ ಕೆಲಸ: ನಿಮ್ಮ ಕ್ರಯಪತ್ರ ಮತ್ತು ಅದರ ಹಿಂದಿನ ಮೂಲ ಪತ್ರಗಳು, ಈ ಸಾಲಿನ ತನಕದ ಆಸ್ತಿ ತೆರಿಗೆ ರಸೀದಿ, ಕಟ್ಟಡದಲ್ಲಿ ವಾಸಕ್ಕೆ ಅನುಮತಿ ಕೊಡುವ ಸ್ವಾಧೀನಾನುಭವ ಪ್ರಮಾಣಪತ್ರದ (ಒಸಿ) ಪ್ರತಿ, ಅಪಾರ್ಟ್‌ಮೆಂಟ್ ಸಂಘದಿಂದ ಬಾಕಿ ಇಲ್ಲ ಎಂಬ ಪತ್ರ.

ಮನೆ ಪಿತ್ರಾರ್ಜಿತವಾಗಿದ್ದರೆ ಮಾತ್ರ ನಿಲ್ಲಿ, ಅವಸರ ಬೇಡ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಸಮಪಾಲು ಇದೆ, 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿದೆ. ವಂಶವೃಕ್ಷ ತೆಗೆಸಿ, ಅಕ್ಕತಂಗಿಯರ ಜೊತೆ ಕೂತು ಮಾತಾಡಿ, ಅವರ ಸಹಿ ಸಿಗುತ್ತದೆ ಎಂದು ಖಚಿತವಾದ ಮೇಲೆಯೇ ಮನೆ ಮಾರಾಟಕ್ಕಿಡಿ. ಇದು ಬರೀ ಕಾನೂನಿನ ಮಾತಲ್ಲ, ಅವರ ಹಕ್ಕಿನ ಮಾತು.

ಮನೆಯನ್ನು ಯಾರಿಗಾದರೂ ಲೀಸಿಗೆ ಕೊಟ್ಟಿದ್ದರೆ ಅವರಿಂದ ಪಡೆದ ಲೀಸಿನ ಮೊತ್ತ ಹಿಂದಿರುಗಿಸುವ ದಿನಾಂಕವನ್ನೂ ಲೆಕ್ಕಕ್ಕೆ ಸೇರಿಸಿ.

ಕೈಗೆ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ

ಒಂದು ಉದಾಹರಣೆ ಹಾಕಿ ನೋಡೋಣ. ಹಳೆಯ ಫ್ಲ್ಯಾಟ್ 90 ಲಕ್ಷಕ್ಕೆ ಹೋಗುತ್ತದೆ, ಬ್ಯಾಂಕಿನ ಬಾಕಿ ಸಾಲ 28 ಲಕ್ಷ. ಉಳಿಯುವುದು 62 ಲಕ್ಷ. ಕೊಳ್ಳುವವರು ನಿಮ್ಮ ಹೆಸರಲ್ಲಿ ಶೇ 1 ಟಿಡಿಎಸ್ (ನಿಮ್ಮ ಪರವಾಗಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯುತ್ತಾರೆ, 90 ಸಾವಿರ. ಬ್ರೋಕರ್‌ಗೆ ಶೇ 1 ಎಂದುಕೊಂಡರೆ ಇನ್ನೊಂದು 90 ಸಾವಿರ. ಕೈಗೆ ಬರುವುದು 60 ಲಕ್ಷ 20 ಸಾವಿರ.

ಹೊಸ ಮನೆ 1 ಕೋಟಿ 40 ಲಕ್ಷ. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ 5.6 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2. ಒಟ್ಟು ಶೇ 7.6, ಅಂದರೆ 10 ಲಕ್ಷ 64 ಸಾವಿರ. ಬ್ರೋಕರ್‌ಗೆ 1 ಲಕ್ಷ 40 ಸಾವಿರ. ವಕೀಲರು, ಬಣ್ಣ, ಸಾಗಣೆ, ಸಣ್ಣಪುಟ್ಟ ಮರಗೆಲಸಕ್ಕೆ 3 ಲಕ್ಷ ಇಡಿ. ಒಟ್ಟು ಖರ್ಚು ಹತ್ತಿರ ಹತ್ತಿರ 1 ಕೋಟಿ 55 ಲಕ್ಷ. ಬೇಕಾಗುವ ಸಾಲ ಸುಮಾರು 95 ಲಕ್ಷ.

"ಐವತ್ತು ಲಕ್ಷ ಜಾಸ್ತಿ ಬೆಲೆಯ ಮನೆ, ಐವತ್ತು ಲಕ್ಷ ಸಾಲ ಸಾಕು" ಎಂದುಕೊಂಡು ಹೊರಟವರಿಗೆ ಈ 95 ಲಕ್ಷ ನೋಡಿ ಗಾಬರಿ ಆಗುತ್ತದೆ. ಅದಕ್ಕೇ ಮನೆ ನೋಡಲು ಹೋಗುವ ಮುಂಚೆ ಈ ಲೆಕ್ಕವನ್ನು ನಿಮ್ಮ ಅಂಕಿಗಳಲ್ಲಿ ಮಾಡಿ.

ಇನ್ನೊಂದು ಗಮನಿಸಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 75 ಲಕ್ಷ ಮೀರಿದ ಗೃಹಸಾಲಕ್ಕೆ ಮನೆಯ ಬೆಲೆಯ ಶೇ 75ರ ತನಕ ಮಾತ್ರ ಸಾಲ ಸಿಗುತ್ತದೆ. 30ರಿಂದ 75 ಲಕ್ಷದ ಸಾಲಕ್ಕೆ ಶೇ 80. ಮುದ್ರಾಂಕ ಮತ್ತು ನೋಂದಣಿ ಖರ್ಚು ಈ ಬೆಲೆಯಲ್ಲಿ ಸೇರುವುದಿಲ್ಲ, ಅದು ನಿಮ್ಮ ಜೇಬಿನಿಂದಲೇ ಬರಬೇಕು. ಕಟ್ಟುತ್ತಿರುವ ಮನೆಯನ್ನು ಬಿಲ್ಡರ್‌ನಿಂದ ಕೊಂಡರೆ ಸಾಮಾನ್ಯವಾಗಿ ಶೇ 5 ಜಿಎಸ್‌ಟಿ ಬೇರೆ. ಹಳೆಯ ಮನೆ ಕೊಳ್ಳುವುದಾದರೆ ಜಿಎಸ್‌ಟಿ ಇಲ್ಲ.

ನಗದಿನ ಮಾತು ಬಂದೇ ಬರುತ್ತದೆ. "ಸ್ವಲ್ಪ ಕ್ಯಾಶ್, ಉಳಿದದ್ದು ವೈಟ್" ಎಂದರೆ ಬೇಡ ಎನ್ನಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಹೆಚ್ಚು ನಗದು ತೆಗೆದುಕೊಂಡರೆ ತೆಗೆದುಕೊಂಡಷ್ಟೇ ದಂಡ ಬೀಳಬಹುದು. ಕಾಗದದಲ್ಲಿ ಬೆಲೆ ಕಡಿಮೆ ತೋರಿಸಿದರೆ ಸಿಗುವ ಸಾಲವೂ ಕಡಿಮೆ. ಹೊಸ ಮನೆ ಮುಂದೆ ಮಾರುವಾಗ ಲಾಭ ಜಾಸ್ತಿ ಕಂಡು ತೆರಿಗೆಯೂ ಜಾಸ್ತಿ.

ಯಾವಾಗ ಮಾರಾಟಕ್ಕಿಡಬೇಕು

ನಮ್ಮಲ್ಲಿ ಮನೆ ವ್ಯವಹಾರಕ್ಕೂ ಪಂಚಾಂಗಕ್ಕೂ ನಂಟು ಇದೆ. ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಧನುರ್ಮಾಸದಲ್ಲಿ ಗೃಹಪ್ರವೇಶ ಇಟ್ಟುಕೊಳ್ಳುವವರು ಕಡಿಮೆ, ಮುಂಗಡ ಕೊಡುವವರೂ ಕಡಿಮೆ. ನೀವು ನಂಬಿ, ಬಿಡಿ, ನಿಮ್ಮ ಗಿರಾಕಿ ನಂಬುತ್ತಾರೆ. ಹಾಗಾಗಿ ಮಾರುವ ಕೆಲಸವನ್ನು ಯುಗಾದಿಯಿಂದ ಆಷಾಢದ ಮುಂಚೆ ಅಥವಾ ಶ್ರಾವಣದಿಂದ ಗಣೇಶ ಚತುರ್ಥಿಯ ತನಕದ ದಿನಗಳಲ್ಲಿ ಇಟ್ಟುಕೊಳ್ಳಿ. ಕೊಳ್ಳುವ ಚೌಕಾಸಿಗೆ ಆಷಾಢ ಒಳ್ಳೆಯದು, ಮಾರುವವರು ಮಾತಿಗೆ ಸಿಗುತ್ತಾರೆ. ಶಾಲೆಗೆ ಹೋಗುವ ಮಕ್ಕಳಿದ್ದರೆ ಮೇ ಕೊನೆಯೊಳಗೆ ಹೊಸ ಮನೆ ಸೇರುವಂತೆ ಹಿಂದಿನಿಂದ ಲೆಕ್ಕ ಹಾಕಿ. ಆಗ ಇ-ಖಾತಾ, ಇಸಿ ಕೆಲಸ ಡಿಸೆಂಬರ್‌ಗೇ ಶುರುವಾಗಬೇಕು.

ಬೆಲೆ ನಿಗದಿಗೆ ಜಾಹೀರಾತಿನ ಬೆಲೆ ನಂಬಬೇಡಿ, ಅದು ಕೇಳುವ ಬೆಲೆ. ನಿಮ್ಮದೇ ಅಪಾರ್ಟ್‌ಮೆಂಟಿನಲ್ಲಿ ಇತ್ತೀಚೆಗೆ ನಿಜವಾಗಿ ಎಷ್ಟಕ್ಕೆ ಹೋಯಿತು ಎಂದು ಸಂಘದವರನ್ನು ಕೇಳಿ. ನಿಮ್ಮ ಪ್ರದೇಶಕ್ಕೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆಯನ್ನೂ, ಅಂದರೆ ಮಾರ್ಗಸೂಚಿ ಬೆಲೆಯನ್ನೂ ಕಾವೇರಿಯಲ್ಲಿ ನೋಡಿಟ್ಟುಕೊಳ್ಳಿ. ನೀವು ಮಾರುವ ಬೆಲೆಗಿಂತ ಅದು ಶೇ 10ಕ್ಕೂ ಹೆಚ್ಚಿದ್ದರೆ ತೆರಿಗೆ ಲೆಕ್ಕಕ್ಕೆ ಮಾರ್ಗಸೂಚಿ ಬೆಲೆಯನ್ನೇ ಹಿಡಿಯುತ್ತಾರೆ.

ಎರಡು ಕರಾರು, ಒಂದಕ್ಕೊಂದು ಹೊಂದಿಕೊಂಡಂತೆ

ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಬೇಕಾದದ್ದು ಇಲ್ಲಿ. ಎರಡೂ ಕರಾರುಗಳನ್ನು ಒಬ್ಬರೇ ವಕೀಲರು ನೋಡಲಿ. ಒಂದನ್ನು ಬ್ರೋಕರ್ ಕೊಟ್ಟ ಮಾದರಿಯಲ್ಲಿ, ಇನ್ನೊಂದನ್ನು ಬೇರೆ ಯಾರೋ ಬರೆದರೆ ದಿನಾಂಕಗಳು ಹೊಂದುವುದಿಲ್ಲ.

ಮಾರುವ ಕರಾರಿನಲ್ಲಿ ನೋಂದಣಿಯ ದಿನ ಮತ್ತು ಕೀಲಿ ಕೊಡುವ ದಿನವನ್ನು ಬೇರೆ ಬೇರೆ ಬರೆಸಿ. ಉದಾಹರಣೆಗೆ, ಜುಲೈ 10ರೊಳಗೆ ನೋಂದಣಿ, ಅದಾಗಿ 30 ದಿನದೊಳಗೆ ಮನೆ ಖಾಲಿ. ಆ 30 ದಿನಕ್ಕೆ ಬಾಡಿಗೆ ಎಷ್ಟು ಎಂಬುದನ್ನೂ ಬರೆಯಿರಿ. ಕೊಳ್ಳುವವರಿಗೆ ಭರವಸೆ ಬೇಕಲ್ವಾ, ಒಂದೆರಡು ಲಕ್ಷವನ್ನು ಕೀಲಿ ಕೊಡುವ ತನಕ ಅವರಲ್ಲೇ ಇಟ್ಟುಕೊಳ್ಳಲು ಹೇಳಿ. ಇಷ್ಟು ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಈ ಒಂದು ಷರತ್ತು ಸಿಕ್ಕರೆ ನಡುವೆ ಬಾಡಿಗೆ ಮನೆ ಹುಡುಕುವ ಕೆಲಸವೇ ಇಲ್ಲ.

ಎರಡನೆಯದು ಮುಂಗಡದ ಹಿಂದಿರುಗಿಸುವಿಕೆ. ಉದಾಹರಣೆಗೆ, ಗಿರಾಕಿ ಮುಂಗಡ ಕೊಟ್ಟ 9 ಲಕ್ಷವನ್ನು ನೀವು ಹೊಸ ಮನೆಗೆ ಮುಂಗಡವಾಗಿ ಕೊಟ್ಟಿರುತ್ತೀರಿ. ಅವರ ಸಾಲ ಮಂಜೂರಾಗದೆ ಹಿಂದೆ ಸರಿದರೆ ಆ 9 ಲಕ್ಷ ತಕ್ಷಣ ಎಲ್ಲಿಂದ ತರುತ್ತೀರಿ? "ಕರಾರು ರದ್ದಾದರೆ 60 ದಿನದೊಳಗೆ ಅಥವಾ ಬೇರೆ ಗಿರಾಕಿ ಸಿಕ್ಕ ಕೂಡಲೇ, ಯಾವುದು ಮೊದಲೋ ಆಗ" ಎಂದು ಬರೆಸಿ. ಮುಂಗಡಕ್ಕೆ ಮುಂಚೆ ಅವರ ಸಾಲ ಮಂಜೂರಾತಿ ಪತ್ರ ಕೇಳಿ ನೋಡಿ. ಸಂಬಳ ನೋಡಿ ಕೊಟ್ಟ ಮಂಜೂರಾತಿ ಬೇರೆ, ನಿಮ್ಮ ಮನೆಯ ಕಾಗದ ಪರಿಶೀಲಿಸಿ ಕೊಡುವ ಒಪ್ಪಿಗೆ ಬೇರೆ. ಎರಡೂ ಆದ ಮೇಲೆಯೇ ಗಿರಾಕಿ ಗಟ್ಟಿ.

ಕೊಳ್ಳುವ ಕರಾರಿನಲ್ಲಿ, "ನಮ್ಮ ಮನೆ ಮಾರಾಟ ಆಗದಿದ್ದರೆ ಮುಂಗಡ ವಾಪಸ್" ಎಂಬ ಷರತ್ತಿಗೆ ಬೆಂಗಳೂರಿನಲ್ಲಿ ಮಾರುವವರು ಒಪ್ಪುವುದು ಕಡಿಮೆ. ಅದರ ಬದಲು ಸಮಯ ಕೇಳಿ. "ನೋಂದಣಿ ಜುಲೈ 25ರೊಳಗೆ, ಅಗತ್ಯ ಬಿದ್ದರೆ ಇನ್ನೂ 30 ದಿನ" ಎಂದು ಬರೆಸಿ, ಆ ಹೆಚ್ಚುವರಿ ದಿನಗಳಿಗೆ ಇನ್ನೊಂದಿಷ್ಟು ಮುಂಗಡ ಕೊಡುತ್ತೇನೆ ಎನ್ನಿ. ಬ್ಯಾಂಕಿನ ಕಾನೂನು ಪರಿಶೀಲನೆಯಲ್ಲಿ ಮನೆ ತಿರಸ್ಕೃತವಾದರೆ ಪೂರ್ತಿ ಮುಂಗಡ ವಾಪಸ್ ಎಂಬುದು ಮಾತ್ರ ಇರಲೇಬೇಕು, ಅದರಲ್ಲಿ ರಾಜಿ ಬೇಡ.

ಮಾರುವ ನೋಂದಣಿಗೂ ಕೊಳ್ಳುವ ನೋಂದಣಿಗೂ ನಡುವೆ ಎರಡು ವಾರ ಬಿಡಿ. 2025ರ ಆರಂಭದಲ್ಲಿ ಕಾವೇರಿ ತಂತ್ರಾಂಶದ ಮೇಲೆ ಸೈಬರ್ ದಾಳಿಯಾಗಿ ರಾಜ್ಯದಲ್ಲೆಲ್ಲ ನೋಂದಣಿ ಅಸ್ತವ್ಯಸ್ತವಾಗಿತ್ತು. ಒಂದೇ ದಿನ ಎರಡನ್ನೂ ಇಟ್ಟುಕೊಂಡವರಿಗೆ ಇಂಥ ಹೊತ್ತಿನಲ್ಲಿ ದಾರಿಯೇ ಇರುವುದಿಲ್ಲ.

ಹಳೆಯ ಮನೆಯ ಮೇಲೆ ಸಾಲ ಇದ್ದರೆ

ಹೆದರಬೇಕಿಲ್ಲ, ಮನೆ ಮಾರಬಹುದು. ನಿಮ್ಮ ಬ್ಯಾಂಕಿನಿಂದ ಎರಡು ಪತ್ರ ತೆಗೆದುಕೊಳ್ಳಿ: ಇಂಥ ದಿನಕ್ಕೆ ಸಾಲ ತೀರಿಸಲು ಎಷ್ಟು ಕಟ್ಟಬೇಕು ಎಂಬ ಪತ್ರ, ಮತ್ತು ಅವರ ಬಳಿ ಇರುವ ಮೂಲ ದಾಖಲೆಗಳ ಪಟ್ಟಿ. ಕೊಳ್ಳುವವರ ಬ್ಯಾಂಕು ಇವುಗಳನ್ನು ನೋಡಿ ನಿಮ್ಮ ಸಾಲದ ಬಾಕಿಗೆ ನಿಮ್ಮ ಬ್ಯಾಂಕಿನ ಹೆಸರಲ್ಲೇ ಡಿಡಿ ಕೊಡುತ್ತದೆ, ಉಳಿದದ್ದನ್ನು ನಿಮಗೆ. ವ್ಯಕ್ತಿಗಳ ಬದಲಾಗುವ ಬಡ್ಡಿಯ ಗೃಹಸಾಲಕ್ಕೆ ಅವಧಿಗೆ ಮುಂಚೆ ತೀರಿಸಿದ ದಂಡ ಹಾಕುವಂತಿಲ್ಲ.

ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಮೂಲ ದಾಖಲೆ ವಾಪಸ್ ಕೊಡಬೇಕು. ತಪ್ಪು ಬ್ಯಾಂಕಿನದಾಗಿ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ನಿಮಗೆ ಪರಿಹಾರ. ಇದು 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮ. ಆದರೂ ನಿಮ್ಮ ವೇಳಾಪಟ್ಟಿಯಲ್ಲಿ ಆ 30 ದಿನವನ್ನು ಪೂರ್ತಿ ಹಿಡಿದುಕೊಳ್ಳಿ. ದಾಖಲೆಗಳು ಬಹಳ ಸಲ ಬ್ಯಾಂಕಿನ ಕೇಂದ್ರ ಕಚೇರಿಯ ಕಪಾಟಿನಲ್ಲಿರುತ್ತವೆ, ನಿಮ್ಮ ಶಾಖೆಯಲ್ಲಿ ಇರುವುದಿಲ್ಲ.

ಹೊಸ ಸಾಲಕ್ಕೆ ಅರ್ಜಿ ಹಾಕುವಾಗ ಹಳೆಯ ಸಾಲ ತೀರಲಿದೆ ಎಂಬುದಕ್ಕೆ ಮಾರಾಟದ ಕರಾರಿನ ಪ್ರತಿ ತೋರಿಸಿ. ಇಲ್ಲದಿದ್ದರೆ ಹಳೆಯ ಇಎಂಐಯನ್ನೂ ಕಳೆದು ನಿಮ್ಮ ಅರ್ಹತೆ ಲೆಕ್ಕ ಹಾಕುತ್ತಾರೆ, ಸಿಗುವ ಸಾಲ ಕುಗ್ಗುತ್ತದೆ.

ನೋಂದಣಿ ಮತ್ತು ಟಿಡಿಎಸ್

ಕ್ರಯಪತ್ರದ ಕರಡನ್ನು ಕಾವೇರಿ 2.0ರಲ್ಲಿ ಹಾಕಿ, ಅಧಿಕಾರಿ ಪರಿಶೀಲಿಸಿ ಒಪ್ಪಿದ ಮೇಲೆ ಶುಲ್ಕ ಕಟ್ಟಿ, ಸಮಯ ಕಾಯ್ದಿರಿಸಿ ಕಚೇರಿಗೆ ಹೋಗುವುದು. ಫೋಟೊ, ಹೆಬ್ಬೆಟ್ಟು, ಸಹಿ. ಎಲ್ಲ ಮಾಲೀಕರೂ ಬರಬೇಕು. ದುಡ್ಡು ಖಾತೆಗೆ ಬಿದ್ದಿದ್ದು ನೋಡದೆ ಅಥವಾ ಡಿಡಿ ಕೈಗೆ ಬರದೆ ಹೆಬ್ಬೆಟ್ಟು ಒತ್ತಬೇಡಿ.

50 ಲಕ್ಷ ಅಥವಾ ಅದಕ್ಕೂ ಮೀರಿದ ವ್ಯವಹಾರದಲ್ಲಿ ಕೊಳ್ಳುವವರು ಶೇ 1 ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಇಲ್ಲಿ ನೀವು ಎರಡೂ ಕಡೆ ಇದ್ದೀರಿ. ಹಳೆಯ ಮನೆಗೆ ನಿಮ್ಮದನ್ನು ಹಿಡಿಯುತ್ತಾರೆ, ಹೊಸ ಮನೆಗೆ ನೀವು ಹಿಡಿಯಬೇಕು. ಮುಂಗಡಕ್ಕೂ ಇದು ಅನ್ವಯಿಸುತ್ತದೆ. ಹಿಡಿದ ತಿಂಗಳು ಮುಗಿದು 30 ದಿನದೊಳಗೆ, 26ಕ್ಯೂಬಿ ಎಂದೇ ಎಲ್ಲರಿಗೂ ಪರಿಚಿತವಾದ ಫಾರಂ ಮೂಲಕ ಕಟ್ಟಬೇಕು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ಮತ್ತು ಫಾರಂ ಸಂಖ್ಯೆಗಳು ಬದಲಾಗಿವೆ. ಜನರ ಬಾಯಲ್ಲಿರುವುದು ಹಳೆಯವೇ ಆದ್ದರಿಂದ ಇಲ್ಲಿ ಅವನ್ನೇ ಬಳಸಿದ್ದೇನೆ.

ಹೊಸ ಮನೆ ಮಾರುವವರು ಅಮೆರಿಕದಲ್ಲೋ ದುಬೈಯಲ್ಲೋ ನೆಲೆಸಿದ ಅನಿವಾಸಿಗಳಾದರೆ ಶೇ 1 ಸಾಲದು. ಬಂಡವಾಳ ಲಾಭದ (ಮನೆ ಮಾರಿ ಬಂದ ಲಾಭದ) ತೆರಿಗೆ ದರದಲ್ಲೇ ಹಿಡಿಯಬೇಕು, ಅಂದರೆ ದೀರ್ಘಾವಧಿಯ ಲಾಭವಾದರೆ ಶೇ 12.5 ಮತ್ತು ಅದರ ಮೇಲಿನ ಸೆಸ್, ಸರ್‌ಚಾರ್ಜ್. ಕಡಿಮೆ ಹಿಡಿಯಲು ಅವರು ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ತರಬಹುದು, ಅದಕ್ಕೆ ಸಮಯ ಹಿಡಿಯುತ್ತದೆ. ಕರಾರಿಗೆ ಮುಂಚೆಯೇ "ನೀವು ತೆರಿಗೆ ಲೆಕ್ಕಕ್ಕೆ ನಿವಾಸಿಯೋ ಅನಿವಾಸಿಯೋ" ಎಂದು ಕೇಳಿ, ಉತ್ತರವನ್ನು ಕರಾರಿನಲ್ಲಿ ಬರೆಸಿ.

ಲಾಭದ ಮೇಲಿನ ತೆರಿಗೆ

24 ತಿಂಗಳಿಗಿಂತ ಹೆಚ್ಚು ಕಾಲ ಮನೆ ನಿಮ್ಮದಾಗಿದ್ದರೆ ಬಂದ ಲಾಭ ದೀರ್ಘಾವಧಿಯದು, ತೆರಿಗೆ ಶೇ 12.5. 2024ರ ಜುಲೈ 23ಕ್ಕೆ ಮುಂಚೆ ಕೊಂಡ ಮನೆಯಾದರೆ ಭಾರತದಲ್ಲಿ ನೆಲೆಸಿದವರಿಗೆ ಹಳೆಯ ಲೆಕ್ಕವೂ ಲಭ್ಯ: ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆ ಏರಿಸಿ, ಉಳಿದ ಲಾಭಕ್ಕೆ ಶೇ 20. ಯಾವುದು ಕಡಿಮೆಯೋ ಅದು.

2014-15ರಲ್ಲಿ ನೋಂದಣಿ ಸೇರಿ 48 ಲಕ್ಷಕ್ಕೆ ಕೊಂಡು 2025-26ರಲ್ಲಿ 90 ಲಕ್ಷಕ್ಕೆ ಮಾರಿದರೆ, ಬ್ರೋಕರ್ ಖರ್ಚು ಕಳೆದು ಲಾಭ 41 ಲಕ್ಷ 10 ಸಾವಿರ. ಶೇ 12.5ರಂತೆ ತೆರಿಗೆ 5 ಲಕ್ಷ 14 ಸಾವಿರ. ಹಳೆಯ ಲೆಕ್ಕದಲ್ಲಿ ಹಣದುಬ್ಬರದ ಸೂಚ್ಯಂಕ 240ರಿಂದ 376ಕ್ಕೆ ಏರಿದೆ, ಕೊಂಡ ಬೆಲೆ 48 ಲಕ್ಷದಿಂದ 75 ಲಕ್ಷ 20 ಸಾವಿರ ಆಗುತ್ತದೆ. ಲಾಭ 13 ಲಕ್ಷ 90 ಸಾವಿರ, ತೆರಿಗೆ 2 ಲಕ್ಷ 78 ಸಾವಿರ. ಎರಡಕ್ಕೂ ಸೆಸ್ ಬೇರೆ.

ಆದರೆ ನೀವು ಮನೆಯನ್ನೇ ಕೊಳ್ಳುತ್ತಿರುವುದರಿಂದ ಈ ತೆರಿಗೆ ಪೂರ್ತಿ ಉಳಿಯಬಹುದು. ಸೆಕ್ಷನ್ 54ರ ವಿನಾಯಿತಿ ಅದು. ಮಾರಿದ ದಿನಕ್ಕೆ ಒಂದು ವರ್ಷ ಮುಂಚಿನಿಂದ ಎರಡು ವರ್ಷ ನಂತರದವರೆಗೆ ಮನೆ ಕೊಂಡಿರಬೇಕು, ಕಟ್ಟಿಸುವುದಾದರೆ ಮೂರು ವರ್ಷದೊಳಗೆ. ಮಾರಿದ ಪೂರ್ತಿ ಮೊತ್ತ ಹಾಕಬೇಕು ಎಂದು ಬಹಳ ಜನ ತಿಳಿದಿದ್ದಾರೆ, ಹಾಗಿಲ್ಲ. ಲಾಭದಷ್ಟು ಮೊತ್ತ ಹೊಸ ಮನೆಗೆ ಹೋದರೆ ಸಾಕು. ಹೊಸ ಮನೆಯಲ್ಲಿ ಹಳೆಯ ಮನೆ ಮಾರಿದವರ ಹೆಸರು ಇರಲೇಬೇಕು. ಗಂಡನ ಹೆಸರಿನ ಮನೆ ಮಾರಿ ಹೆಂಡತಿಯ ಒಬ್ಬರ ಹೆಸರಲ್ಲಿ ಕೊಂಡರೆ ತಕರಾರು ಬರುತ್ತದೆ.

ರಿಟರ್ನ್ ಸಲ್ಲಿಸುವ ಕೊನೆಯ ದಿನ, ಸಾಮಾನ್ಯವಾಗಿ ಜುಲೈ 31, ಬಂದರೂ ಮನೆ ಕೊಳ್ಳಲಾಗಿಲ್ಲ ಎಂದಾದರೆ ಲಾಭದ ಹಣವನ್ನು ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿ ಇಡಬೇಕು. ಮಾಮೂಲಿ ಉಳಿತಾಯ ಖಾತೆಯಲ್ಲೋ ಎಫ್‌ಡಿಯಲ್ಲೋ ಇಟ್ಟರೆ ವಿನಾಯಿತಿ ಹೋಗುತ್ತದೆ.

ಕೀಲಿ ಕೈಬದಲಾದ ಮೇಲೆ

ಹಳೆಯ ಮನೆಯ ಮೀಟರ್ ರೀಡಿಂಗ್ ಫೋಟೊ ತೆಗೆದು, ಕೊನೆಯ ಬೆಸ್ಕಾಂ ಬಿಲ್ ಕಟ್ಟಿ, ಗ್ಯಾಸ್ ಮತ್ತು ಆಧಾರ್ ವಿಳಾಸ ಬದಲಿಸಿ. ಹೊಸ ಮನೆಯ ಖಾತಾ ನಿಮ್ಮ ಹೆಸರಿಗೆ ಬಂದಿದೆಯಾ ಎಂದು ಇ-ಆಸ್ತಿಯಲ್ಲಿ ನೋಡಿ. ನೋಂದಣಿ ಆಯಿತೆಂದರೆ ಖಾತಾ ತಾನಾಗಿ ಆಯಿತು ಎಂದು ಸುಮ್ನೆ ಕೂರಬೇಡಿ. ನೀರು ಮತ್ತು ವಿದ್ಯುತ್ ಸಂಪರ್ಕದ ಹೆಸರು ಬದಲಾವಣೆಗೂ ಅರ್ಜಿ ಹಾಕಿ. ಒಂದು ತಿಂಗಳ ನಂತರ ಹೊಸ ಇಸಿ ತೆಗೆದು ನಿಮ್ಮ ಹೆಸರು ಬಂದಿದೆಯಾ, ಹಿಂದಿನವರ ಸಾಲ ಬಿಡುಗಡೆ ಆಗಿದೆಯಾ ಪರಿಶೀಲಿಸಿ.

ಕೊಂಡವರಿಂದ ಟಿಡಿಎಸ್‌ನ 16ಬಿ ಪ್ರಮಾಣಪತ್ರ ಕೇಳಿ ಪಡೆಯಿರಿ. ಆ 90 ಸಾವಿರ ರಿಟರ್ನ್‌ನಲ್ಲಿ ವಾಪಸ್ ಸಿಗಬೇಕಾದರೆ ನಿಮ್ಮ ಹೆಸರಲ್ಲಿ ಕಟ್ಟಿದ ತೆರಿಗೆಯ ಪಟ್ಟಿಯಾದ 26ಎಎಸ್‌ನಲ್ಲಿ ಅದು ಕಾಣಿಸಬೇಕು. ಹೊಸ ಮನೆಯ ನೋಂದಣಿ ದಿನವನ್ನೂ ಎಲ್ಲಾದರೂ ಬರೆದಿಟ್ಟುಕೊಳ್ಳಿ. ಅಲ್ಲಿಂದ ಮೂರು ವರ್ಷದೊಳಗೆ ಆ ಮನೆ ಮಾರಿದರೆ ಈಗ ಸಿಕ್ಕ ತೆರಿಗೆ ವಿನಾಯಿತಿ ವಾಪಸ್ ಹೋಗುತ್ತದೆ.